ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು: ಹಳೆ ಶೈಲಿಯ ಬೈಕಿನಲ್ಲಿ ಕಾರ್ಬ್ಯುರೇಟರ್ ದೋಷ ಹುಡುಕುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸುವುದು ಇಲ್ಲಿರುವ ಅನೇಕರಿಗೆ ಗೊತ್ತು. ಅದನ್ನು ಬಿಚ್ಚಬೇಕೋ ಬೇಡವೋ, ಬಿಚ್ಚಿದರೆ ಒಳಗೆ ಯಾವ ಭಾಗ ನೋಡಬೇಕು ಎಂದು ಮೊದಲೇ ತೀರ್ಮಾನಿಸುವುದು ಕಷ್ಟ. ಗಾಡಿ ಮಿಸ್ ಹೊಡೆದ ಕೂಡಲೇ ಕೈ ತಾನಾಗಿ ಏರ್ ಸ್ಕ್ರೂ ಕಡೆ ಹೋಗುತ್ತದೆ. ಅರ್ಧ ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ. ಸ್ವಲ್ಪ ಹೊತ್ತಿಗೆ ಮೊದಲು ಎಷ್ಟು ಸುತ್ತಿತ್ತು ಎಂಬುದೂ ಮರೆತಿರುತ್ತದೆ. ದೋಷ ಇದ್ದದ್ದು 80 ಕಿ.ಮೀ. ವೇಗದಲ್ಲಿ, ತಿರುಗಿಸಿದ್ದು ಐಡ್ಲಿಂಗ್ (ಆಕ್ಸಿಲರೇಟರ್ ಕೊಡದೆ ಎಂಜಿನ್ ತಾನಾಗಿ ಓಡುವುದು) ನೋಡಿಕೊಳ್ಳುವ ಸ್ಕ್ರೂ. ಆ ಸ್ಕ್ರೂಗೂ ಆ ದೋಷಕ್ಕೂ ಸಂಬಂಧವೇ ಇರುವುದಿಲ್ಲ.

ಹಾಗಾಗಿ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹೊರಡೋಣ. ಥ್ರಾಟಲ್ (ಆಕ್ಸಿಲರೇಟರ್) ಹಿಡಿ ಎಷ್ಟು ತಿರುಗಿದ್ದಾಗ ತೊಂದರೆ ಬರುತ್ತದೆ? ಆಗ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯೋ ಹೆಚ್ಚೋ? ಈ ಎರಡಕ್ಕೂ ಉತ್ತರ ಸಿಗುವ ತನಕ ಉಪಕರಣ ಪೆಟ್ಟಿಗೆ ಮುಚ್ಚಿಯೇ ಇರಲಿ.

ಒಂದೆರಡು ಅಂಕಿ ನೆನಪಿದ್ದರೆ ಮುಂದಿನ ಮಾತು ಸುಲಭ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ಮಾತ್ರ ಎಲ್ಲ ಹೊತ್ತಿನಲ್ಲೂ ಇದೇ ಪ್ರಮಾಣ ಕೇಳುವುದಿಲ್ಲ. ಪೂರ್ತಿ ಶಕ್ತಿ ಬೇಕಾದಾಗ ಗಾಳಿ 12.5ರಿಂದ 13 ಪಾಲು, ಸಮವೇಗದಲ್ಲಿ ಸಾಗುವಾಗ 14ರಿಂದ 15, ಐಡ್ಲಿಂಗ್‌ನಲ್ಲಿ 13ರ ಆಸುಪಾಸು ಇದ್ದರೆ ಅದು ಖುಷಿಯಾಗಿರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಲೀನ್, ಹೆಚ್ಚಾದರೆ ರಿಚ್. ರಿಚ್ ಓಡುವ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ, ಕಿಡಿ ಹಾರಿಸುವ ಪ್ಲಗ್ ಕಪ್ಪಾಗಿಸುತ್ತದೆ, ಬಹಳ ದಿನ ಬಿಟ್ಟರೆ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ಪಿಸ್ಟನ್ ರಿಂಗ್ ಸವೆಸುತ್ತದೆ. ತುಂಬು ಥ್ರಾಟಲ್‌ನಲ್ಲಿ ಲೀನ್ ಓಡುವ ಎಂಜಿನ್ ಪಿಸ್ಟನ್ನನ್ನೇ ಸುಡಬಹುದು. ಅನುಮಾನ ಇದ್ದಾಗ ರಿಚ್ ಕಡೆಗೇ ವಾಲಿ.

ಮೊದಲು ಕಿಡಿ, ಆಮೇಲೆ ಪೆಟ್ರೋಲ್

ಕಾರ್ಬ್ಯುರೇಟರ್ ದೋಷಗಳಲ್ಲಿ ಹೆಚ್ಚಿನವು ಇಗ್ನಿಷನ್‌ನಲ್ಲಿ, ಅಂದರೆ ಕಿಡಿ ಹೊತ್ತಿಸುವ ವ್ಯವಸ್ಥೆಯಲ್ಲಿ, ಸಿಗುತ್ತವೆ ಎಂದು ಮೆಕ್ಯಾನಿಕ್‌ಗಳು ತಮಾಷೆ ಮಾಡುತ್ತಾರೆ. ಅದರಲ್ಲಿ ಸತ್ಯವೂ ಇದೆ. ಕಿಡಿ ದುರ್ಬಲವಾಗಿದ್ದರೆ ಸರಿಯಾದ ಮಿಶ್ರಣವೂ ಅರೆಬರೆ ಉರಿದು ಪ್ಲಗ್ಗನ್ನು ಕಪ್ಪು ಮಾಡುತ್ತದೆ. ನೋಡಿದವರು ರಿಚ್ ಎಂದುಕೊಂಡು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಚಿಕ್ಕದು ಮಾಡುತ್ತಾರೆ. ಈಗ ದೋಷ ಎರಡಾಯಿತು.

ಆದ್ದರಿಂದ ಕಾರ್ಬ್ಯುರೇಟರ್ ಮುಟ್ಟುವ ಮೊದಲು ಪ್ಲಗ್ ಹೊಸದು ಹಾಕಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಪಾಯಿಂಟ್ (ಕಿಡಿಯ ಸಮಯಕ್ಕೆ ತೆರೆದು ಮುಚ್ಚುವ ಸಂಪರ್ಕ) ಇರುವ ಗಾಡಿಯಾದರೆ ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ.; ಪಾಯಿಂಟ್ ಮುಖ ಸುಟ್ಟು ಗುಳಿ ಬಿದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೂ ಅನುಮಾನವಿಡಿ. ಟೈಮಿಂಗ್ (ಕಿಡಿ ಹಾರುವ ಕ್ಷಣ), ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮೇಲಿನ ಸಣ್ಣ ಸಂದಿ) ಎರಡನ್ನೂ ಆ ಗಾಡಿಯ ಕೈಪಿಡಿಯ ಅಳತೆಗೆ ತನ್ನಿ. ವಾಲ್ವ್ ಬಿಗಿಯಾಗಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳದೆ ಐಡ್ಲಿಂಗ್ ಹಾಳಾಗುತ್ತದೆ, ಆಗ ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಸೈಲೆನ್ಸರ್ ಪೈಪ್ ಸಿಲಿಂಡರ್ ತಲೆಗೆ ಸೇರುವ ಜಾಗದ ಗ್ಯಾಸ್ಕೆಟ್ ಸೋರುತ್ತಿದೆಯೇ ಎಂದೂ ನೋಡಬೇಕು. ಅಲ್ಲಿಂದ ಹೊರಗಿನ ಗಾಳಿ ಒಳಸೇರಿದರೆ ಥ್ರಾಟಲ್ ಬಿಟ್ಟಾಗ ಸೈಲೆನ್ಸರ್ ಪಟ್ ಪಟ್ ಎನ್ನುತ್ತದೆ, ಕೇಳಿದವರು ಲೀನ್ ಎಂದು ತಪ್ಪು ತಿಳಿಯುತ್ತಾರೆ.

ಮುಂದೆ ಟ್ಯಾಂಕ್‌ನಿಂದ ಪೆಟ್ರೋಲ್ ಬರುತ್ತಿದೆಯೇ ಎಂಬುದು. ಇದನ್ನು ಊಹಿಸಬೇಡಿ, ಅಳೆಯಿರಿ. 100 ಕಿ.ಮೀ. ವೇಗದಲ್ಲಿ ಲೀಟರಿಗೆ 25 ಕಿ.ಮೀ. ಕೊಡುವ ಗಾಡಿಗೆ ಗಂಟೆಗೆ 4 ಲೀಟರ್ ಬೇಕು. ಅಂದರೆ ನಿಮಿಷಕ್ಕೆ ಸುಮಾರು 67 ಮಿಲಿಲೀಟರ್. ಎಂಜಿನ್ ತಣ್ಣಗಿರುವಾಗ, ಹತ್ತಿರ ಬೆಂಕಿ ಇಲ್ಲದ ಕಡೆ, ಕಾರ್ಬ್ಯುರೇಟರ್ ಕಡೆಯ ಪೈಪ್ ಕಳಚಿ ಅಳತೆ ಪಾತ್ರೆಯಲ್ಲಿ ಒಂದು ನಿಮಿಷ ಹಿಡಿಯಿರಿ. 150 ಮಿಲಿಲೀಟರ್ ದಾಟಿದರೆ ಆ ದಾರಿಯಲ್ಲಿ ತೊಂದರೆಯಿಲ್ಲ. ತೊಟ್ಟಿಕ್ಕಿದರೆ ಪೆಟ್ರೋಲ್ ಕಾಕ್ ಮೇಲೆ ಟ್ಯಾಂಕ್ ಒಳಗಿರುವ ಜರಡಿ, ನಡುವಿನ ಫಿಲ್ಟರ್, ಮಡಚಿದ ಪೈಪ್ ನೋಡಿ. ಮೊದಲು ಚೆನ್ನಾಗಿ ಬಂದು ಆಮೇಲೆ ಸಣ್ಣಗಾಗುತ್ತಾ ಹೋದರೆ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಹತ್ತು ಹದಿನೈದು ನಿಮಿಷ ಓಡಿ ನಿಂತು, ಮುಚ್ಚಳ ತೆರೆದಾಗ ಉಸ್ ಎಂದು ಗಾಳಿ ಒಳಗೆ ಎಳೆದು, ಮತ್ತೆ ಸ್ಟಾರ್ಟ್ ಆಗುವ ಗಾಡಿಯ ಕಾಯಿಲೆ ಇದೇ.

ಎಂಜಿನ್ ಗಾಳಿ ಹೀರುವ ಎಳೆತದಿಂದ ತೆರೆದುಕೊಳ್ಳುವ ವ್ಯಾಕ್ಯೂಮ್ ಕಾಕ್ ಇದ್ದರೆ ಇನ್ನೊಂದು ಪರೀಕ್ಷೆ. ಅದರ ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿ ಮೂಸಿ ನೋಡಿ. ಒಳಗೆ ಪೆಟ್ರೋಲ್ ತೇವ ಇದ್ದರೆ ಕಾಕ್ ಒಳಗಿನ ಡಯಾಫ್ರಮ್ ಹರಿದಿದೆ, ಎಂಜಿನ್ ಕಾರ್ಬ್ಯುರೇಟರ್ ದಾಟಿಸಿ ನೇರವಾಗಿ ಪೆಟ್ರೋಲ್ ಹೀರುತ್ತಿದೆ. ಎಂಥ ಟ್ಯೂನಿಂಗ್ ಮಾಡಿದರೂ ಆ ಗಾಡಿ ರಿಚ್ ಆಗಿಯೇ ಇರುತ್ತದೆ. ಎಂಜಿನ್ ಆಯಿಲ್ ಕಡ್ಡಿಯನ್ನೂ ಮೂಸಿ. ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಹಿಡಿಯ ಮೇಲೆ ಗೆರೆ

ಒಂದು ತುಂಡು ಬಿಳಿ ಟೇಪ್ ಥ್ರಾಟಲ್ ಹಿಡಿಯ ಮೇಲೆ, ಇನ್ನೊಂದು ಅದರ ಪಕ್ಕದ ಸ್ವಿಚ್ ಗೂಡಿನ ಮೇಲೆ ಅಂಟಿಸಿ. ಕೇಬಲ್‌ನ ಸಡಿಲು ಕಳೆದು ಸ್ಲೈಡ್ (ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡು) ಏಳಲು ಶುರುವಾಗುವ ಜಾಗ ಸೊನ್ನೆ. ಅಲ್ಲಿಂದ ಪೂರ್ತಿ ತಿರುಗುವವರೆಗಿನ ಅಂತರದಲ್ಲಿ 1/8, 1/4, 1/2, 3/4 ಎಂದು ಗೆರೆ ಎಳೆಯಿರಿ. ಇಡೀ ವಿಧಾನದಲ್ಲಿ ಇದಕ್ಕಿಂತ ಉಪಯುಕ್ತವಾದ ಉಪಕರಣ ಇಲ್ಲ.

ಯಾಕೆಂದರೆ ಸ್ಲೈಡ್ ಮಾದರಿಯ ಕಾರ್ಬ್ಯುರೇಟರ್‌ನಲ್ಲಿ ಯಾವ ಭಾಗ ಪೆಟ್ರೋಲ್ ಅಳೆದು ಕೊಡುತ್ತದೆ ಎಂಬುದನ್ನು ನಿರ್ಧರಿಸುವುದು ಸ್ಲೈಡ್ ಎಷ್ಟು ಎದ್ದಿದೆ ಎಂಬುದೇ, ಗಾಡಿಯ ವೇಗವಾಗಲಿ ಗೇರ್ ಆಗಲಿ ಅಲ್ಲ. ಅಮಾಲ್ ಕಂಪನಿಯ ಕಾನ್ಸೆಂಟ್ರಿಕ್, ಮಿಕುನಿ ಕಂಪನಿಯ ವಿಎಂ ಮುಂತಾದ ಕಾರ್ಬ್ಯುರೇಟರ್‌ಗಳೆಲ್ಲ ಈ ಜಾತಿ. ಮುಚ್ಚಿದ ಸ್ಥಿತಿಯಿಂದ 1/8ರವರೆಗೆ ಪೈಲಟ್ ಜೆಟ್ ಮತ್ತು ಅದರ ಸ್ಕ್ರೂ. 1/8ರಿಂದ 1/4ರವರೆಗೆ ಸ್ಲೈಡ್‌ನ ಅಡಿಯಲ್ಲಿ, ಏರ್ ಫಿಲ್ಟರ್ ಕಡೆಗೆ ಇರುವ ಓರೆ ಕಡಿತ. 1/4ರಿಂದ 3/4ರವರೆಗೆ ನೀಡಲ್ (ಸ್ಲೈಡ್‌ಗೆ ತೂಗುವ ಮೊನಚು ಸೂಜಿ) ಮತ್ತು ಅದು ಏರಿಳಿಯುವ ನೀಡಲ್ ಜೆಟ್. ಅಲ್ಲಿಂದಾಚೆ ಮೇನ್ ಜೆಟ್. ಗಡಿಗಳು ಕತ್ತರಿಸಿದಂತೆ ಇರುವುದಿಲ್ಲ. ಒಂದರ ಪ್ರಭಾವ ಪಕ್ಕದ್ದರೊಳಗೆ ಸ್ವಲ್ಪ ಹರಡಿಕೊಂಡಿರುತ್ತದೆ. ಆದರೆ 1/2ರಲ್ಲಿ ಬರುವ ದೋಷಕ್ಕೆ ಪೈಲಟ್ ಸ್ಕ್ರೂ ತಿರುಗಿಸಿ ಫಲವಿಲ್ಲ ಎಂದು ತಿಳಿಯಲು ಇಷ್ಟು ಸಾಕು.

ಗಾಡಿ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಒಂದೊಂದು ಗೆರೆಗೂ ಹಿಡಿಯನ್ನು ಕೆಲವು ಸೆಕೆಂಡ್ ಕದಲಿಸದೆ ಹಿಡಿಯಿರಿ. ಎಲ್ಲಿ ಮುಗ್ಗರಿಸುತ್ತದೆ, ಎಲ್ಲಿ ಎಳೆತ ಕಡಿಮೆ, ಎಲ್ಲಿ ತಾನಾಗಿ ಹಿಂದೆ ಮುಂದೆ ತೂಗಾಡುತ್ತದೆ ಎಂದು ಗಾಡಿ ನಿಲ್ಲಿಸಿ ಬರೆದುಕೊಳ್ಳಿ. ತಲೆಯಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವವರು ಮೂರನೇ ಪರೀಕ್ಷೆಗೆ ಮೊದಲನೆಯದನ್ನು ಮರೆತಿರುತ್ತಾರೆ.

ಲೀನೋ ರಿಚ್ಚೋ

ಎರಡೂ ಮಿಸ್ ಹೊಡೆಸುತ್ತವೆ, ಎರಡೂ ಪಿಕಪ್ ಕೆಡಿಸುತ್ತವೆ. ಬೇರೆ ಮಾಡುವುದು ಸಣ್ಣ ಸಣ್ಣ ಗುರುತುಗಳಿಂದ.

ಲೀನ್ ಗಾಡಿ ತಣ್ಣಗಿದ್ದಾಗ ಹಠ ಮಾಡುತ್ತದೆ, ಬಿಸಿಯಾದಂತೆ ಸುಧಾರಿಸುತ್ತದೆ. ಚೋಕ್ ಬಿಡಿಸಿಕೊಳ್ಳಲು ಒಪ್ಪುವುದಿಲ್ಲ. ಥ್ರಾಟಲ್ ಫಕ್ಕನೆ ತಿರುಗಿಸಿದರೆ ಒಂದು ಕ್ಷಣ ಉಸಿರು ಹಿಡಿದಂತಾಗಿ ಕಾರ್ಬ್ಯುರೇಟರ್ ಬಾಯಿಂದ ಹಿಂದಕ್ಕೆ ಉಗುಳುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಸದ್ದು ಮೇಲೆಯೇ ನಿಂತು ನಿಧಾನವಾಗಿ ಇಳಿಯುತ್ತದೆ. ರಿಚ್ ಗಾಡಿಯದ್ದು ಇದರ ತಿರುಗುಮುರುಗು: ತಣ್ಣಗಿದ್ದಾಗ ಸಲೀಸು, ಬಿಸಿಯಾದಂತೆ ಮಂಕು. ಸದ್ದು ಒರಟಾಗಿ ಗುಡುಗುಡು ಎನ್ನುತ್ತದೆ, ಹೊಗೆ ಕಪ್ಪಾಗುತ್ತದೆ, ಥ್ರಾಟಲ್ ಬಿಟ್ಟಾಗ ಐಡ್ಲಿಂಗ್‌ಗಿಂತ ಕೆಳಗೆ ಕುಸಿದು ಮತ್ತೆ ಮೇಲೇಳುತ್ತದೆ. ಏರ್ ಫಿಲ್ಟರ್ ತೆಗೆದಾಗ ಚೆನ್ನಾಗಿ ಓಡಿದರೆ ಬಹುತೇಕ ರಿಚ್.

ಸಂದೇಹ ಉಳಿದರೆ ಚೋಕ್ ಪರೀಕ್ಷೆ. ದೋಷ ಬರುವ ಗೆರೆಯಲ್ಲೇ ಹಿಡಿಯನ್ನು ಇಟ್ಟು ಚೋಕ್ ಸ್ವಲ್ಪ ಎಳೆಯಿರಿ. ಸುಧಾರಿಸಿದರೆ ಲೀನ್, ಇನ್ನೂ ಹದಗೆಟ್ಟರೆ ರಿಚ್. ಇದಕ್ಕೊಂದು ಮಿತಿ ಇದೆ: ಇಂದಿನ ಹೆಚ್ಚಿನ ಚೋಕ್‌ಗಳು ಗಾಳಿ ತಡೆಯುವ ತಗಡಲ್ಲ, ಹೆಚ್ಚುವರಿ ಪೆಟ್ರೋಲ್ ದಾರಿ ತೆರೆಯುವ ಪ್ಲಂಜರ್. ಎಂಜಿನ್ನಿನ ಎಳೆತ ಬಲವಾಗಿರುವ ಸಣ್ಣ ತೆರವುಗಳಲ್ಲಿ ಅದರ ಪರಿಣಾಮ ದೊಡ್ಡದು, ತುಂಬು ಥ್ರಾಟಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಆ ಪ್ಲಂಜರ್‌ನ ತುದಿಯ ರಬ್ಬರ್ ಸವೆದಿದ್ದರೆ ಅಥವಾ ಕೇಬಲ್‌ನಲ್ಲಿ 2–3 ಮಿ.ಮೀ. ಸಡಿಲು ಇಲ್ಲದಿದ್ದರೆ ಚೋಕ್ ಸದಾ ಅರೆತೆರೆದೇ ಇರುತ್ತದೆ. ಹೀಗೆ ರಿಚ್ ಆದ ಗಾಡಿಗಳಿಗೆ ಎಷ್ಟು ಜನ ಜೆಟ್ ಬದಲಿಸಿದ್ದಾರೋ!

ಲೀನ್ ಎಂದು ಖಾತ್ರಿಯಾದರೂ ಜೆಟ್ ದೊಡ್ಡದು ಮಾಡುವ ಮೊದಲು ಒಂದು ಹೆಜ್ಜೆ ಬಾಕಿ: ಗಾಳಿ ಸೋರಿಕೆ. ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ತಲೆಯ ನಡುವಿನ ರಬ್ಬರ್ ಮೇಲ್ನೋಟಕ್ಕೆ ಸರಿಯಿದ್ದು, ಬಾಗಿಸಿದಾಗ ಬಿರುಕು ಬಿಡುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸಂದಿಗಳ ಮೇಲೆ ನೀರಿನ ಸಣ್ಣ ತುಂತುರು ಹೊಡೆಯಿರಿ. ಸದ್ದು ಬದಲಾದ ಜಾಗವೇ ಸೋರುವ ಜಾಗ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ನೋಡುವ ರೂಢಿಯೂ ಇದೆ, ಅದು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಬಿಸಿ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುತ್ತದೆ ಎಂಬುದು ನೆನಪಿರಲಿ. ಅಮಾಲ್ ಕಾನ್ಸೆಂಟ್ರಿಕ್‌ನಲ್ಲಿ ಫ್ಲ್ಯಾಂಜ್‌ನ (ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಮುಖ) ಎರಡು ನಟ್ ಅತಿಯಾಗಿ ಬಿಗಿದರೆ ಫ್ಲ್ಯಾಂಜ್ ಬಿಲ್ಲಿನಂತೆ ಬಾಗುತ್ತದೆ, ನಡುವಿನ ಓ-ರಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಉಕ್ಕಿನ ಸ್ಕೇಲ್ ಇಟ್ಟು ಬೆಳಕು ಹಾಯುತ್ತದೆಯೇ ನೋಡಿ. ಹಾಯ್ದರೆ ಸಪಾಟು ಗಾಜಿನ ಮೇಲೆ ಎಮರಿ ಕಾಗದ ಇಟ್ಟು ಉಜ್ಜಿ ಸರಿಮಾಡಬಹುದು. ಬಿಗಿಯುವಾಗ ಕೈ ಹಗುರ ಇರಲಿ, ಇಲ್ಲದಿದ್ದರೆ ಮತ್ತೆ ಬಾಗುತ್ತದೆ.

ಫ್ಲೋಟ್ ಮಟ್ಟ ಎಂಬ ಅಡಿಪಾಯ

ಎಲ್ಲ ಗೆರೆಗಳಲ್ಲೂ ಒಂದೇ ದಿಕ್ಕಿನ ದೋಷ ಇದ್ದರೆ, ಅಂದರೆ ಎಲ್ಲ ಕಡೆ ರಿಚ್ ಅಥವಾ ಎಲ್ಲ ಕಡೆ ಲೀನ್, ಜೆಟ್‌ಗಳನ್ನು ಬಿಟ್ಟು ಫ್ಲೋಟ್ ನೋಡಿ; ಇದು ಕಾರ್ಬ್ಯುರೇಟರ್ ಕೆಳಗಿನ ಬೌಲ್ ಎಂಬ ಬಟ್ಟಲಿನಲ್ಲಿ ತೇಲುತ್ತಾ, ಸೂಜಿ ವಾಲ್ವ್ ಮುಚ್ಚಿ ತೆರೆದು ಪೆಟ್ರೋಲ್ ಮಟ್ಟ ಕಾಯುತ್ತದೆ. ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಮೇಲೆ ಬಂದಷ್ಟೂ ಜೆಟ್‌ಗಳ ಮೂಲಕ ಅದು ಮೇಲೇಳುವುದು ಸುಲಭ. ಒಂದು ಮಿ.ಮೀ. ವ್ಯತ್ಯಾಸವೂ ಸಣ್ಣ ತೆರವುಗಳಲ್ಲಿ ಗೊತ್ತಾಗುತ್ತದೆ.

ಬೌಲ್ ಬಿಚ್ಚದೆ ನೋಡುವ ಕ್ರಮ ಇದು. ಡ್ರೇನ್ ಮೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದನ್ನು ಯು ಆಕಾರದಲ್ಲಿ ಬಾಗಿಸಿ ಬೌಲ್ ಪಕ್ಕದಲ್ಲಿ ನೇರ ಹಿಡಿಯಿರಿ. ಗಾಡಿ ನೆಟ್ಟಗೆ ನಿಂತಿರಲಿ. ಡ್ರೇನ್ ಸ್ಕ್ರೂ ಸಡಿಲಿಸಿ ಎಂಜಿನ್ ಚಾಲೂ ಮಾಡಿ. ಪೈಪ್‌ನಲ್ಲಿ ನಿಂತ ಮಟ್ಟವೇ ಒಳಗಿನ ಮಟ್ಟ. ಬೌಲ್ ಸೇರುವ ಅಂಚಿನಿಂದ ಎಷ್ಟು ಕೆಳಗೆ ಎಂದು ಅಳೆದು ಕೈಪಿಡಿಯ ಅಂಕಿಗೆ ಹೋಲಿಸಿ. ಬಿಚ್ಚಿ ಅಳೆಯುವುದಾದರೆ ಕಾರ್ಬ್ಯುರೇಟರನ್ನು ತಲೆಕೆಳಗು ಮಾಡಿ ಓರೆಯಾಗಿ ಹಿಡಿಯಿರಿ. ಫ್ಲೋಟ್ ನಾಲಿಗೆ ಸೂಜಿ ವಾಲ್ವ್‌ನ ಪಿನ್ನಿಗೆ ಬರೀ ತಾಗಬೇಕು, ಪಿನ್ನಿನ ಸ್ಪ್ರಿಂಗ್ ಒತ್ತಬಾರದು. ಪೂರ್ತಿ ತಲೆಕೆಳಗು ಹಿಡಿದರೆ ಫ್ಲೋಟಿನ ಭಾರಕ್ಕೆ ಸ್ಪ್ರಿಂಗ್ ಒತ್ತಿಕೊಂಡು ಅಳತೆ ತಪ್ಪುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ.

ಸೂಜಿ ವಾಲ್ವ್‌ನ ತುದಿಯಲ್ಲಿ ಉಂಗುರದ ಹಾಗೆ ಸವೆದ ಗೆರೆ ಕಂಡರೆ ಅದನ್ನು ಬದಲಿಸಿ, ಸಾಧ್ಯವಿದ್ದರೆ ಸೀಟನ್ನೂ. ಫ್ಲೋಟ್ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ತುಳುಕಿದರೆ ತೂತಾಗಿದೆ. ಹಿತ್ತಾಳೆಯದ್ದಾದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೋ ಅಲ್ಲಿ ತೂತು. ಬೌಲ್‌ನ ಗಾಳಿ ಪೈಪ್ ಮಡಚಿದ್ದರೆ ಮಟ್ಟ ಸರಿಯಿದ್ದರೂ ಪೆಟ್ರೋಲ್ ಮೇಲೇಳುವುದಿಲ್ಲ. ತೊಳೆದು ಜೋಡಿಸುವಾಗ ಆ ಪೈಪ್ ಟ್ಯಾಂಕ್ ಅಡಿಗೆ ಸಿಕ್ಕಿಕೊಳ್ಳುವುದು ಅಪರೂಪವಲ್ಲ.

ಪೈಲಟ್ ಭಾಗ

ಐಡ್ಲಿಂಗ್ ನಿಲ್ಲದ ಗಾಡಿಗಳಲ್ಲಿ ಹೆಚ್ಚಿನವುಗಳ ಕಾರಣ ಕೊಳೆ. ಪೈಲಟ್ ಜೆಟ್‌ನ ರಂಧ್ರ ಸಾಮಾನ್ಯವಾಗಿ ಅರ್ಧ ಮಿ.ಮೀ.ಗಿಂತಲೂ ಚಿಕ್ಕದು. ಕೆಲವು ತಿಂಗಳು ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಉಳಿಯುವ ಅಂಟು ಮೊದಲು ಮುಚ್ಚುವುದೇ ಅದನ್ನು. ಬೆಳಕಿಗೆ ಹಿಡಿದಾಗ ದುಂಡಗಿನ ಸ್ಪಷ್ಟ ಚುಕ್ಕೆ ಕಾಣಬೇಕು. ಅಂಚು ಮಸುಕಾಗಿದ್ದರೆ ಇನ್ನೂ ಕೊಳೆ ಇದೆ. ಉಕ್ಕಿನ ತಂತಿ, ಸೂಜಿ ತೂರಿಸಬೇಡಿ, ಹಿತ್ತಾಳೆ ಮೆತ್ತಗೆ, ರಂಧ್ರ ದೊಡ್ಡದಾಗುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ಮೀನು ಗಾಳದ ನೈಲಾನ್ ದಾರದಿಂದ ಬಿಡಿಸಿ, ಗಾಳಿ ಹೊಡೆಯಿರಿ. ಅಮಾಲ್ ಕಾನ್ಸೆಂಟ್ರಿಕ್‌ನ ಕಥೆ ಬೇರೆ: ಅನೇಕವುಗಳಲ್ಲಿ ಪೈಲಟ್ ಜೆಟ್ ಒಳಗೆ ಬಡಿದು ಕೂರಿಸಿದ ತುಂಡು, ಬಿಚ್ಚಲು ಬರುವುದಿಲ್ಲ. ಏರ್ ಸ್ಕ್ರೂ ತೆಗೆದು ಆ ರಂಧ್ರದ ಮೂಲಕವೇ 0.4 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ತೂರಿಸುವುದು ಅಲ್ಲಿನ ಪದ್ಧತಿ.

ಜೆಟ್ ಒಂದನ್ನೇ ತೊಳೆದರೆ ಅರ್ಧ ಕೆಲಸ. ಪೈಲಟ್ ದಾರಿಗೆ ಕ್ಲೀನರ್ ಹೊಡೆದಾಗ ಸ್ಲೈಡ್ ಅಥವಾ ಬಟರ್‌ಫ್ಲೈ (ತಿರುಗುವ ತಗಡಿನ ಮುಚ್ಚಳ) ಹತ್ತಿರದ ಸಣ್ಣ ರಂಧ್ರಗಳೆಲ್ಲದರಿಂದಲೂ ಸಿಡಿದು ಬರಬೇಕು. ಒಂದರಿಂದ ಬಂದು ಇನ್ನೊಂದರಿಂದ ಬಾರದಿದ್ದರೆ ಐಡ್ಲಿಂಗ್ ನಿಂತರೂ ಹಿಡಿ ತಿರುಗಿಸಿದ ಕೂಡಲೇ ಮುಗ್ಗರಿಸುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಆ ದ್ರವ ಯಾವ ರಂಧ್ರದಿಂದ ಮುಖಕ್ಕೆ ಹಾರುತ್ತದೆ ಎಂದು ಹೇಳಲಾಗದು.

ಈಗ ಸ್ಕ್ರೂ. ಅದು ಕಾರ್ಬ್ಯುರೇಟರ್‌ನ ಯಾವ ಕಡೆ ಇದೆ ಎಂದು ಮೊದಲು ನೋಡಿ. ಸ್ಲೈಡ್‌ಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ (ಏರ್) ಸ್ಕ್ರೂ. ಹೊರಕ್ಕೆ ತಿರುಗಿಸಿದರೆ ಲೀನ್. ಎಂಜಿನ್ ಕಡೆ ಇದ್ದರೆ ಅದು ಮಿಶ್ರಣದ ಸ್ಕ್ರೂ. ಹೊರಕ್ಕೆ ತಿರುಗಿಸಿದರೆ ರಿಚ್. ಎರಡನೆಯದನ್ನು ಹೊಗೆ ನಿಯಮಗಳ ಕಾರಣಕ್ಕೆ ಕಾರ್ಖಾನೆಯಲ್ಲೇ ಹಿತ್ತಾಳೆ ಬಿರಡೆಯಿಂದ ಮುಚ್ಚಿರುವುದೂ ಉಂಟು. ಈ ವ್ಯತ್ಯಾಸ ತಿಳಿಯದೆ ಮಾಡಿದ ಟ್ಯೂನಿಂಗ್ ಪ್ರತಿ ಸುತ್ತಿಗೂ ದೋಷವನ್ನು ಹೆಚ್ಚಿಸುತ್ತದೆ.

ತಿರುಗಿಸುವ ಮೊದಲು ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಎಷ್ಟು ಸುತ್ತಿತ್ತು ಎಂದು ಎಣಿಸಿ ಬರೆದಿಡಿ. ಬಲ ಹಾಕಿದರೆ ಮೊನೆ ಮುರಿದು ರಂಧ್ರದಲ್ಲೇ ಉಳಿಯುತ್ತದೆ. ಮತ್ತೆ ಅಷ್ಟೇ ಹೊರಕ್ಕೆ ತಂದು, ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿಯಾದ ಎಂಜಿನ್‌ನಲ್ಲಿ ಕೆಲಸ ಶುರುಮಾಡಿ. ಕಾಲು ಸುತ್ತಿನಂತೆ ಒಳಕ್ಕೆ, ಪ್ರತಿ ಸಲ ಹತ್ತು ಸೆಕೆಂಡ್ ಕಾಯುತ್ತಾ, ಎಂಜಿನ್ ಮಂಕಾಗುವ ತನಕ. ಹಾಗೆಯೇ ಹೊರಕ್ಕೆ, ಮತ್ತೆ ಮಂಕಾಗುವ ತನಕ. ನಡುವೆ ಸದ್ದು ಅತಿ ಹೆಚ್ಚು ಮತ್ತು ಸಮವಾಗಿರುವ ಜಾಗದಲ್ಲಿ ಬಿಡಿ. ಐಡ್ಲಿಂಗ್ ಏರಿರುತ್ತದೆ, ಐಡ್ಲಿಂಗ್ ಸ್ಕ್ರೂನಿಂದ (ಹಿಡಿ ಬಿಟ್ಟಾಗ ಸ್ಲೈಡ್ ನಿಲ್ಲುವ ಎತ್ತರ ಹೊಂದಿಸುವ ಬೇರೆ ಸ್ಕ್ರೂ) ಇಳಿಸಿ ಮತ್ತೊಮ್ಮೆ ಇದನ್ನೇ ಮಾಡಿ.

ಸ್ಕ್ರೂ ನಿಂತ ಜಾಗವೇ ಮುಂದಿನ ಸುಳಿವು. ಗಾಳಿಯ ಸ್ಕ್ರೂ 1ರಿಂದ 2.5 ಸುತ್ತಿನ ನಡುವೆ ನಿಂತರೆ ಪೈಲಟ್ ಜೆಟ್ ಸರಿ. ಒಂದು ಸುತ್ತಿಗಿಂತ ಕಡಿಮೆ ಬಂದರೆ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತಿದೆ, ಜೆಟ್ ಒಂದು ಅಳತೆ ದೊಡ್ಡದು ಬೇಕು, 2.5 ದಾಟಿದರೆ ಚಿಕ್ಕದು. ಮಿಶ್ರಣದ ಸ್ಕ್ರೂ ಆದರೆ ಇದನ್ನು ತಿರುವಿ ಓದಿ. ಎಷ್ಟು ತಿರುಗಿಸಿದರೂ ಎಂಜಿನ್ ಏನೂ ಪ್ರತಿಕ್ರಿಯಿಸದಿದ್ದರೆ ದಾರಿ ಕಟ್ಟಿದೆ, ಅಥವಾ ಐಡ್ಲಿಂಗ್ ಸ್ಕ್ರೂ ಅತಿಯಾಗಿ ಎತ್ತಿ ಎಂಜಿನ್ ಪೈಲಟ್ ಭಾಗವನ್ನು ದಾಟಿ ಓಡುತ್ತಿದೆ.

ಸ್ಲೈಡ್, ನೀಡಲ್, ಮತ್ತು ಕಣ್ಣಿಗೆ ಕಾಣದ ಸವೆತ

1/8ರಿಂದ 1/4ರ ನಡುವೆ ಹಿಂದಕ್ಕೆ ಉಗುಳಿದರೆ ಸ್ಲೈಡ್‌ನ ಕಡಿತ ದೊಡ್ಡದಾಗಿದೆ. ಅದರ ಸಂಖ್ಯೆ ಹೆಚ್ಚಾದಷ್ಟೂ ಲೀನ್. ಅಮಾಲ್ 3 ಎಂದರೆ ಕಡಿತದ ಎತ್ತರ 3/16 ಇಂಚು. ಕಾರ್ಖಾನೆಯ ಸ್ಲೈಡ್ ಇರುವ ಗಾಡಿಯಲ್ಲಿ ಇದನ್ನು ಬದಲಿಸುವ ಸಂದರ್ಭ ಕಡಿಮೆ.

ನೀಡಲ್‌ನ ಮೇಲ್ತುದಿಯ ತೋಡುಗಳಲ್ಲಿ ಕ್ಲಿಪ್ ಕೂರುತ್ತದೆ. ಕ್ಲಿಪ್ ಒಂದು ತೋಡು ಕೆಳಗಿಳಿಸಿದರೆ ನೀಡಲ್ ಮೇಲೇಳುತ್ತದೆ, ಮಿಶ್ರಣ ರಿಚ್. ಮೇಲಕ್ಕೆ ಹಾಕಿದರೆ ಲೀನ್. ಒಂದು ಸಲಕ್ಕೆ ಒಂದೇ ತೋಡು.

ನಡು ತೆರವಿನಲ್ಲಿ ರಿಚ್ ಆಗಿ, ಮೈಲೇಜ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿದ್ದರೆ ಕ್ಲಿಪ್ ಸರಿಸುವುದು ತೇಪೆ ಹಚ್ಚಿದ ಹಾಗೆ. ಒಂದು ಲೆಕ್ಕ ನೋಡಿ. ನೀಡಲ್ ಜೆಟ್‌ನ ವ್ಯಾಸ 2.60 ಮಿ.ಮೀ., ಅದರೊಳಗೆ ನೀಡಲ್‌ನ ವ್ಯಾಸ 2.50 ಎಂದುಕೊಳ್ಳಿ. ನಡುವಿನ ಉಂಗುರದಾಕಾರದ ಸಂದಿಯ ವಿಸ್ತಾರ ಸುಮಾರು 0.40 ಚದರ ಮಿ.ಮೀ. ಜೆಟ್ ಸವೆದು 2.65 ಆದರೆ ಆ ಸಂದಿ 0.61 ಆಗುತ್ತದೆ. ಐದು ನೂರಂಶ ಮಿ.ಮೀ. ಸವೆತಕ್ಕೆ ದಾರಿ ಅರ್ಧದಷ್ಟು ಅಗಲವಾಯಿತು! ಅಮಾಲ್ ನೀಡಲ್ ಜೆಟ್‌ಗಳು 105, 106, 107 ಎಂದು ಇಂಚಿನ ಸಾವಿರದ ಒಂದಂಶದ ಅಂತರದಲ್ಲಿ ಬರುವುದು ಇದೇ ಕಾರಣಕ್ಕೆ. ಜೆಟ್ ಬಾಯಿ ಭೂತಗನ್ನಡಿಯಲ್ಲಿ ಮೊಟ್ಟೆಯಾಕಾರ ಕಂಡರೆ, ನೀಡಲ್ ಮೇಲೆ ಹೊಳೆಯುವ ಪಟ್ಟಿ ಕಂಡರೆ ಎರಡನ್ನೂ ಜೊತೆಯಲ್ಲೇ ಬದಲಿಸಿ.

ಮೇನ್ ಜೆಟ್ ಮತ್ತು ಪ್ಲಗ್ ಓದುವುದು

ತುಂಬು ಥ್ರಾಟಲ್‌ನಲ್ಲಿ ತೊಂದರೆ ಬಂದರೆ ಎಷ್ಟು ಹೊತ್ತಿಗೆ ಬಂತು ಎಂದು ಗಮನಿಸಿ. ಹಿಡಿ ತಿರುಗಿಸಿದ ಕೂಡಲೇ ಮಂಕಾದರೆ ಜೆಟ್ ಅಳತೆಯ ಪ್ರಶ್ನೆ. ಇಪ್ಪತ್ತು ಮೂವತ್ತು ಸೆಕೆಂಡ್ ಚೆನ್ನಾಗಿ ಎಳೆದು ಆಮೇಲೆ ಸತ್ತರೆ ಬೌಲ್ ಖಾಲಿಯಾಗುತ್ತಿದೆ, ಜೆಟ್ ನಿರಪರಾಧಿ. ಮತ್ತೆ ಕಾಕ್, ಜರಡಿ, ಸೂಜಿ ವಾಲ್ವ್‌ಗೆ ಹಿಂತಿರುಗಿ.

ಜೆಟ್ ಅಳತೆಗೆ ರಸ್ತೆಯ ಮೇಲಿನ ಪರೀಕ್ಷೆ ಇದು: ತುಂಬು ಥ್ರಾಟಲ್‌ನಲ್ಲಿ ಓಡುವಾಗ ಹಿಡಿಯನ್ನು ಒಂದಿಷ್ಟೇ ಹಿಂದಕ್ಕೆ ಬಿಡಿ. ಗಾಳಿ ಕಡಿಮೆಯಾಗುವ ಆ ಕ್ಷಣದಲ್ಲಿ ಪೆಟ್ರೋಲ್ ಇನ್ನೂ ಅದೇ ರಭಸದಲ್ಲಿ ಬರುತ್ತಿರುವುದರಿಂದ ಮಿಶ್ರಣ ಸ್ವಲ್ಪ ರಿಚ್ ಆಗುತ್ತದೆ. ಗಾಡಿ ಮುಂದಕ್ಕೆ ಜಿಗಿದಂತಾದರೆ ಜೆಟ್ ಚಿಕ್ಕದು.

ಪ್ಲಗ್ ಓದಲು ಹೊಸ ಪ್ಲಗ್ ಹಾಕಿ ತುಂಬು ಥ್ರಾಟಲ್‌ನಲ್ಲಿ ಓಡಿಸಿ, ಹಿಡಿ ಬಿಡದೆಯೇ ಕ್ಲಚ್ ಒತ್ತಿ ಅದೇ ಕ್ಷಣ ಎಂಜಿನ್ ಆಫ್ ಮಾಡಿ, ಹಾಗೇ ಉರುಳಿ ನಿಲ್ಲಿಸಬೇಕು. ಐಡ್ಲಿಂಗ್‌ನಲ್ಲಿ ಮನೆಗೆ ತಂದ ಪ್ಲಗ್ ಐಡ್ಲಿಂಗ್ ಬಗ್ಗೆ ಮಾತ್ರ ಹೇಳುತ್ತದೆ. ಪಿಂಗಾಣಿಯ ತುದಿಯ ಬಣ್ಣವನ್ನು ಬಹಳ ನಂಬಬೇಡಿ. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಅದು ಬಹುಬೇಗ ಬಣ್ಣ ಹಿಡಿಯುವುದಿಲ್ಲ. ಪಿಂಗಾಣಿ ಲೋಹದೊಳಗೆ ಇಳಿಯುವ ಆಳದ ಬುಡದಲ್ಲಿ ತೆಳು ಕಂದು ಮಸಿ ಉಂಗುರ ಇರಬೇಕು. ಉಂಗುರವೇ ಇಲ್ಲದೆ ಪೂರ್ತಿ ಬಿಳುಪಾಗಿದ್ದರೆ ಲೀನ್. ಒಣ ಮಸಿ ದಪ್ಪಗಿದ್ದರೆ ರಿಚ್. ಜಿಡ್ಡು ಕಪ್ಪು ಎಣ್ಣೆಯದ್ದು, ಅದಕ್ಕೂ ಕಾರ್ಬ್ಯುರೇಟರ್‌ಗೂ ಸಂಬಂಧವಿಲ್ಲ. ಬಿಳಿ ಪಿಂಗಾಣಿಯ ಮೇಲೆ ಬೆಳ್ಳಗೆ ಹೊಳೆಯುವ ಚುಕ್ಕೆ ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಅಲ್ಲಿಗೆ ಪರೀಕ್ಷೆ ನಿಲ್ಲಿಸಿ.

ಹೊಗೆಯ ಆಮ್ಲಜನಕ ಅಳೆದು ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇದ್ದವರಿಗೆ ಇಷ್ಟು ಕಷ್ಟವಿಲ್ಲ, ಆದರೆ ಅದೂ ಮೋಸ ಮಾಡುತ್ತದೆ. ಮಿಸ್ ಹೊಡೆದಾಗ ಉರಿಯದ ಗಾಳಿ ಹಾಗೆಯೇ ಹೊರಬರುತ್ತದೆ, ಸೆನ್ಸರ್ ಲೀನ್ ಎನ್ನುತ್ತದೆ. ರಿಚ್ ಆಗಿ ಪ್ಲಗ್ ನೆನೆದ ಗಾಡಿಯೂ ಆಗ ಲೀನ್ ತೋರಿಸೀತು.

ಜೆಟ್ ಬದಲಿಸುವಾಗ ಸಂಖ್ಯೆಯ ಅರ್ಥ ತಿಳಿದಿರಬೇಕು. ಕೀಹಿನ್ ಕಂಪನಿಯ ಜೆಟ್‌ನ ಸಂಖ್ಯೆ ರಂಧ್ರದ ವ್ಯಾಸ, ಮಿ.ಮೀ.ನ ನೂರರ ಅಂಶದಲ್ಲಿ. ಅಮಾಲ್‌ನದು ನಿಮಿಷಕ್ಕೆ ಹರಿಯುವ ಪ್ರಮಾಣ. ಒಂದರ 110ಕ್ಕೆ ಇನ್ನೊಂದರ 110 ಸಾಟಿಯಲ್ಲ.

ಸಿ.ವಿ. ಕಾರ್ಬ್ಯುರೇಟರ್ ಇದ್ದರೆ

ಮಿಕುನಿ ಬಿಎಸ್, ಕೀಹಿನ್ ಸಿವಿಕೆ ಮುಂತಾದ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬ್ಯುರೇಟರ್‌ಗಳಲ್ಲಿ ಕೇಬಲ್ ತಿರುಗಿಸುವುದು ಬಟರ್‌ಫ್ಲೈಯನ್ನು. ಸ್ಲೈಡನ್ನು ಎತ್ತುವುದು ಎಳೆತದ ಒತ್ತಡ ಮತ್ತು ರಬ್ಬರ್ ಡಯಾಫ್ರಮ್. ಆದ್ದರಿಂದ ಹಿಡಿಯ ಗೆರೆಗಳು ಇಲ್ಲಿ ಅಂದಾಜು ಮಾತ್ರ: ಕಡಿಮೆ ವೇಗದಲ್ಲಿ ಹಿಡಿ ಪೂರ್ತಿ ತಿರುಗಿದ್ದರೂ ಸ್ಲೈಡ್ ಅರ್ಧವೇ ಎದ್ದಿರಬಹುದು. ಐಡ್ಲಿಂಗ್ ಚೆನ್ನಾಗಿದ್ದು ಒಂದು ವೇಗದ ಮೇಲೆ ಗಾಡಿ ಹೋಗುವುದೇ ಇಲ್ಲ ಎಂದರೆ ಡಯಾಫ್ರಮ್‌ನಲ್ಲಿ ತೂತು ಹುಡುಕಿ. ಸ್ಲೈಡನ್ನು ಬೆರಳಿಂದ ಎತ್ತಿ, ಡಯಾಫ್ರಮ್ ಕೋಣೆಗೆ ಹೋಗುವ ರಂಧ್ರವನ್ನು ಮುಚ್ಚಿ, ಬಿಡಿ. ನಿಧಾನವಾಗಿ ಇಳಿಯಬೇಕು. ಠಕ್ ಎಂದು ಬಿದ್ದರೆ ರಬ್ಬರ್ ಹರಿದಿದೆ ಅಥವಾ ಅಂಚು ಸರಿಯಾಗಿ ಕೂತಿಲ್ಲ. ಕಾರ್ಬ್ಯುರೇಟರ್ ಕ್ಲೀನರ್ ಈ ರಬ್ಬರಿಗೆ ಶತ್ರು. ತಾಗಿದರೆ ಉಬ್ಬಿ ತೋಡಿಗೆ ಕೂರುವುದಿಲ್ಲ. ಇಂಥ ಕೆಲವು ಕಾರ್ಬ್ಯುರೇಟರ್‌ಗಳ ಪಕ್ಕದಲ್ಲಿ ಥ್ರಾಟಲ್ ಬಿಟ್ಟಾಗ ಪೈಲಟ್ ಗಾಳಿಯನ್ನು ತಡೆಯುವ ಇನ್ನೊಂದು ಪುಟ್ಟ ಡಯಾಫ್ರಮ್ ಇರುತ್ತದೆ. ಇಳಿಜಾರಿನಲ್ಲಿ ಸೈಲೆನ್ಸರ್ ಸಿಡಿಯುವುದು ಎಷ್ಟು ಟ್ಯೂನ್ ಮಾಡಿದರೂ ನಿಲ್ಲದಿದ್ದರೆ ಅದನ್ನು ನೋಡಿ.

ಎಥನಾಲ್, ಎತ್ತರ

ಪೆಟ್ರೋಲ್‌ಗೆ ಎಥನಾಲ್ ಬೆರೆತರೆ ಲೆಕ್ಕವೇ ಬದಲಾಗುತ್ತದೆ. ಶೇ. 10 ಬೆರೆತರೆ 14.7ರ ಜಾಗದಲ್ಲಿ ಸುಮಾರು 14.1, ಶೇ. 20 ಬೆರೆತರೆ ಸುಮಾರು 13.5. ಅದೇ ಜೆಟ್ ಇದ್ದರೆ ಮಿಶ್ರಣ ಕ್ರಮವಾಗಿ ಶೇ. 4 ಮತ್ತು ಶೇ. 8ರಷ್ಟು ಲೀನ್ ಕಡೆ ಸರಿಯಿತು. ಮೊದಲೇ ಲೀನ್ ಅಂಚಿನಲ್ಲಿದ್ದ ಗಾಡಿಗೆ ಇಷ್ಟು ಸಾಕು. ಶೇ. 8 ಹೆಚ್ಚು ಹರಿವಿಗೆ ವ್ಯಾಸ ಶೇ. 4ರಷ್ಟು ಹೆಚ್ಚಿದರೆ ಸಾಲುತ್ತದೆ. ಕೀಹಿನ್ 110 ಇದ್ದ ಕಡೆ 115. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಗಾಡಿ ಬಹಳ ದಿನ ನಿಂತಿದ್ದರೆ ಬೌಲ್‌ನ ಪೆಟ್ರೋಲನ್ನು ಗಾಜಿನ ಪಾತ್ರೆಗೆ ಇಳಿಸಿ ನೋಡಿ. ತಳದಲ್ಲಿ ಬೇರೆಯೇ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಬೇಕು.

ಎತ್ತರದ ಜಾಗಗಳಲ್ಲಿ ಇದರ ವಿರುದ್ಧ. ಸಮುದ್ರಮಟ್ಟದಿಂದ 2000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇ. 18 ಕಡಿಮೆ. ಗಾಳಿ ತೆಳುವಾದಾಗ ಜೆಟ್ ಮೇಲಿನ ಎಳೆತವೂ ಕಡಿಮೆಯಾಗುವುದರಿಂದ ಮಿಶ್ರಣ ಅಷ್ಟೂ ರಿಚ್ ಆಗುವುದಿಲ್ಲ, ಸುಮಾರು ಶೇ. 10 ಆಗುತ್ತದೆ. ಒಂದೆರಡು ದಿನದ ಓಡಾಟಕ್ಕೆ ಏನೂ ಮಾಡಬೇಕಿಲ್ಲ. ಅಲ್ಲೇ ಬಹಳ ದಿನ ಇರುವುದಾದರೆ ಕೀಹಿನ್ 110ರ ಜಾಗದಲ್ಲಿ 105 ಹಾಕಬಹುದು. ಕಳೆದುಹೋದ ಶಕ್ತಿ ಇದರಿಂದ ಪೂರ್ತಿ ಮರಳುವುದಿಲ್ಲ, ಯಾಕೆಂದರೆ ಗಾಳಿಯೇ ಕಡಿಮೆ ಇದೆ. ಬಿಚ್ಚಿದ 110ನ್ನು ಕಾಗದದಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡು, ತಗ್ಗಿಗೆ ಇಳಿದು ತುಂಬು ಥ್ರಾಟಲ್ ಕೊಡುವ ಮೊದಲೇ ಮತ್ತೆ ಹಾಕಿ.